ನಾಕು ಗಂಟೇಕ ಬರ್ರಿ

ನನ್ನ ಜಡ್ಡಿನ ಕತೆ ಹೇಳಬೇಕೆಂದರೆ ಮೊದಲು ನನ್ನ ವೈನಿಯನ್ನು ಪರಿಚಯ ಮಾಡಿಸಬೇಕು. ವೈನಿ ಅಂದರೆ ಅಣ್ಣನ ಹೆಂಡತಿ, ಕಿತ್ತೂರಿನ ಹೆಣ್ಣುಮಗಳು. ಬೈಲಹೊಂಗಲದ ನಮ್ಮ ಮನೆಗೆ ಸೊಸೆಯಾಗಿ ಕಾಲಿಟ್ಟ ದಿನ ಹೊಸ್ತಿಲ ಮೇಲಿಟ್ಟಿದ್ದ ಅಕ್ಕಿಯ ಸೇರನ್ನು ಎಷ್ಟು ಹುರುಪಿನಿಂದ ಒದ್ದಳೆಂದರೆ, ಅದು ಪಡಸಾಲೆ ದಾಟಿ ಹೋಗಿ ಹಿರಿಯರ ನಡುವೆ ಕುಳಿತಿದ್ದ ಅಪ್ಪನ ಮೊಣಕಾಲಿಗೆ ಬಡಿಯಿತು. ಅಪ್ಪ ಆ ವಾರವೆಲ್ಲ ಕುಂಟುತ್ತಲೇ ಅರಳೆ ಪೇಟೆಗೆ ಹೋದರು. ಯಾಕೆಂದು ಕೇಳಿದವರಿಗೆ, "ಲಕ್ಷ್ಮೀ ಭಾಳ ಜೋರ್ ಬಂದಾಳ್ರೀ" ಅನ್ನುತ್ತಿದ್ದರು.

ವೈನಿ ನನಗಿಂತ ಸ್ವಲ್ಪವೇ ದೊಡ್ಡವಳು. ಆದರೂ 'ರಿ' ಹಚ್ಚಿಯೇ ಮಾತಾಡಿಸಬೇಕೆಂದು ಅವ್ವನ ತಾಕೀತು ಇತ್ತು. ಬಾಯಿಯಲ್ಲಿ ಇವತ್ತಿಗೂ ಆ 'ರಿ' ಬಿಟ್ಟಿಲ್ಲ. ಬರೆಯುವಾಗ ಮಾತ್ರ ಬಿಡುತ್ತೇನೆ, ಇಲ್ಲದಿದ್ದರೆ ಅವಳು ಯಾರೋ ದೊಡ್ಡ ಮನುಷ್ಯಳಂತೆ ಕಾಣುತ್ತಾಳೆ.

ಅವಳು ಬಂದು ಒಂದು ವರ್ಷವಾಗಿರಬಹುದು, ನನಗೆ ಜಡ್ಡು ಶುರುವಾಯಿತು. ತೊಂಬತ್ತರ ದಶಕದ ನಡುವಿನ ಮಾತು. ಆಗ ನಾನು ಬೆಳಿಗ್ಗೆ ಒಂದು ಶಿಶುವಿಹಾರದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೆ, ಮಧ್ಯಾಹ್ನ ಮನೆಯಲ್ಲಿ ಹೊಲಿಗೆ ಹಾಕುತ್ತಿದ್ದೆ. ಒಂದು ದಿನ ನಳದ ಹತ್ತಿರ ಕೊಡ ಇಟ್ಟು ನಿಂತಾಗ ಹಿಂದಿನಿಂದ ಒಬ್ಬ ಹೆಂಗಸು, "ಬಂದಳು ನೋಡಿ" ಅಂದಳು. ತಿರುಗಿ ನೋಡಿದರೆ ಯಾರೂ ಇಲ್ಲ. ಮುಂದಿನ ವಾರ ಆಕೆಯ ಜೊತೆ ಇಬ್ಬರು ಗಂಡಸರು ಕೂಡಿಕೊಂಡರು. ಆ ಮೂವರು ನಾನು ಮಾಡಿದ್ದೆಲ್ಲವನ್ನೂ ಹೇಳುತ್ತಿದ್ದರು. "ಈಗ ಸೂಜಿಗೆ ದಾರ ಹಾಕುತ್ತಿದ್ದಾಳೆ. ಅವಳಿಗೆ ಬರುವುದಿಲ್ಲ." "ಈಗ ಊಟಕ್ಕೆ ಕುಳಿತಳು. ತಿನ್ನುವುದು ಬಿಟ್ಟು ಮತ್ತೇನು ಗೊತ್ತು?" ಬರಬರುತ್ತ ಊರೆಲ್ಲ ನನ್ನ ಬಗ್ಗೆಯೇ ಮಾತಾಡುತ್ತಿದೆ ಎಂಬುದು ನನಗೆ ಖಾತ್ರಿಯಾಯಿತು. ತರಕಾರಿ ಮಾರುವವರು, ಸಾಲಿಗೆ ಹೋಗುವ ಮಕ್ಕಳು, ಬಸ್ಸಿನ ಕಿಟಕಿಯಲ್ಲಿ ಕುಳಿತ ಗುರುತಿಲ್ಲದ ಮಂದಿ, ಎಲ್ಲರೂ. ಶಿಶುವಿಹಾರ ಬಿಟ್ಟೆ. ಹೊಲಿಗೆ ಮಷಿನ್ನಿನ ಮೇಲೆ ಹಾಸಿಗೆಯ ಚಾದರ ಬಿತ್ತು. ನನ್ನ ಖೋಲಿಯ ಕಿಟಕಿಗೆ ಗಂಜಿ ಹಚ್ಚಿ ಪೇಪರು ಅಂಟಿಸಿದೆ.

ಮನೆಯವರು ಮಾಡಬೇಕಾದ್ದನ್ನೆಲ್ಲ ಮಾಡಿದರು. ತಾಯತ ಆಯಿತು, ಹರಕೆ ಆಯಿತು, ಕಡೆಗೆ ಅಣ್ಣ ವೈನಿಯನ್ನೂ ಕಟ್ಟಿಕೊಂಡು ಧಾರವಾಡದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ಜಡ್ಡಿಗೆ ಸ್ಕಿಜೋಫ್ರೇನಿಯಾ ಅಂತ ಹೆಸರು ಹೇಳಿದರು. ವೈನಿ ಅದನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಲ್ಲಿ ಹೊರಳಿಸಿ ನೋಡಿ, "ಹೆಸರೇನೋ ಚಂದ ಐತಿ, ಕುಂಡದಾಗ ಹಚ್ಚೋ ಹೂವಿನ ಗಿಡದ ಹೆಸರಿದ್ದಂಗ" ಅಂದಳು. ಅಣ್ಣ ಅವಳನ್ನು ದುರುಗುಟ್ಟಿ ನೋಡಿದ.

ಗುಳಿಗೆಯಿಂದ ಆ ಮೂವರೂ ಸ್ವಲ್ಪ ದೂರ ಸರಿದರು. ಕಿವಿಯೊಳಗೇ ಕುಳಿತವರು ಹಿಂದಿನ ಓಣಿಗೆ ಹೋದ ಹಾಗಾಯಿತು. ಆದರೆ ನಾನು ಮನೆ ಬಿಟ್ಟು ಹೊರಗೆ ಬರಲಿಲ್ಲ. ತಿಂದೆ, ಮಲಗಿದೆ, ಮೈ ಬಂತು. ಬಂದುಹೋಗುವ ಹೆಂಗಸರು ಅವ್ವನಿಗೆ ಸಮಾಧಾನ ಹೇಳುವಂತೆ, "ಇನ್ನ ಇಷ್ಟ ನೋಡ್ರಿ, ಹಿಂಗ ಇರತೈತಿ" ಎಂದು ಹೇಳಿ ಚಾ ಕುಡಿದು ಹೋಗುತ್ತಿದ್ದರು. ಆಗ ಡಾಕ್ಟರು, "ಗುಳಿಗಿ ತನ್ನ ಕೆಲಸ ಮಾಡೇತಿ. ಇನ್ನ ಮಾತಿನ ಕೆಲಸ ಐತಿ" ಎಂದು ಇನ್ನೊಬ್ಬರ ಹತ್ತಿರ ಕಳಿಸಿದರು. ಧಾರವಾಡದ ಒಂದು ಹಳೆಯ ಮನೆಯ ಮುಂದಿನ ಖೋಲಿಯಲ್ಲಿ ಆ ಹಿರಿಯ ಹೆಂಗಸು ಕೂಡುತ್ತಿದ್ದರು, ಎಲ್ಲರೂ ಅವರನ್ನು ಬಾಯಾರು ಅನ್ನುತ್ತಿದ್ದರು. ಮನಶ್ಶಾಸ್ತ್ರ ಓದಿದವರು. ಗುಳಿಗೆ ಕೊಡುವವರಲ್ಲ, ಮಾತಾಡಿಸುವವರು. ನರೆತ ಕೂದಲು, ದಪ್ಪ ಚಷ್ಮಾ. ಅಣ್ಣನಿಗೆ ಪೇಟೆಯ ಕೆಲಸ. ಹಾಗಾಗಿ ಜೊತೆಗೆ ಬರುವುದು ವೈನಿಯ ಪಾಲಿಗೆ ಬಂತು. ಲಗ್ನವಾದ ಮೇಲೆ ಅಣ್ಣನಿಲ್ಲದೆ ಮನೆಯಿಂದ ಹೊರಬೀಳಲು ಅವಳಿಗೆ ಸಿಕ್ಕ ಮೊದಲ ನೆವ ಅದು. ಅವಳು ಧಾರವಾಡಕ್ಕೆ ಹೊರಡುವಾಗ ತಲೆಗೆ ಅಬ್ಬಲಿಗೆ ಮುಡಿಯುತ್ತಿದ್ದಳು.

ಮೊದಲ ದಿನ ಬಾಯಾರು ಕೇಳಿದ್ದು ಒಂದೇ ಮಾತು. "ಅವ್ರು ಏನಂತಾರವಾ?"

ನಾನು ವೈನಿಯ ಮುಖ ನೋಡಿದೆ. ವೈನಿ ನನ್ನ ಮುಖ ನೋಡಿದಳು. ಅಲ್ಲಿಯವರೆಗೆ ಎಲ್ಲರೂ "ಅಲ್ಲಿ ಯಾರೂ ಇಲ್ಲ, ಸುಮ್ಮನಿರು" ಅಂದವರೇ. ಅವರು ಏನನ್ನುತ್ತಾರೆಂದು ಕೇಳಿದವರು ಒಬ್ಬರೂ ಇರಲಿಲ್ಲ.

"ನಾ ಮಾಡಿದ್ದೆಲ್ಲಾ ಹೇಳ್ತಾರ್ರಿ" ಅಂದೆ.

"ಈಗ ಏನ್ ಹೇಳಾಕತ್ತಾರ?"

"'ಕುರ್ಚಿಯ ಅಂಚಿನಲ್ಲಿ ಕುಳಿತಿದ್ದಾಳೆ. ಈಗ ಬೀಳುತ್ತಾಳೆ' ಅನ್ನಾಕತ್ತಾರ್ರಿ."

ಬಾಯಾರು ಬಗ್ಗಿ ನನ್ನ ಕುರ್ಚಿ ನೋಡಿದರು. "ಅದು ಖರೇನ ಐತಿ. ಸ್ವಲ್ಪ ಹಿಂದ ಸರದು ಕೂಡು" ಅಂದರು. ನಾನು ಸರಿದು ಕುಳಿತೆ. ಅವರು ಚಷ್ಮಾ ತೆಗೆದು ಒರೆಸುತ್ತ, "ಅವ್ರು ಹಂಗ ಮಾತಾಡ್ತಾರೇನು? 'ಕುಳಿತಿದ್ದಾಳೆ' ಅಂತ? ನಮ್ಮಂಗ 'ಕುಂತಾಳ' ಅನ್ನೂದಿಲ್ಲ?" ಎಂದು ಕೇಳಿದರು.

ಅದನ್ನು ನಾನೂ ಯೋಚಿಸಿರಲಿಲ್ಲ. "ಇಲ್ರಿ. ರೇಡಿಯೋದಾಗ ವಾರ್ತಾ ಓದಿದಂಗ ಓದ್ತಾರ."

ವೈನಿಗೆ ತಡೆಯಲಾಗಲಿಲ್ಲ. "ಅಯ್ಯ ಶಿವನ! ಬೈಲಹೊಂಗಲದಾಗ ಹುಟ್ಟಿ, ತಲಿಯೊಳಗ ಬೆಂಗಳೂರ ಮಂದೀನ ಬಾಡಿಗಿಗಿ ಇಟ್ಟಿಯಲ್ಲವಾ!"

ಬಾಯಾರು ನಕ್ಕರು. ವೈನಿ ಗಾಬರಿಯಾಗಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಎಲ್ಲಿಂದಲೋ ಇನ್ನೊಂದು ನಗು ಕೇಳಿಸಿತು. ಅದೂ ಇಲ್ಲದ ದನಿಯೇ ಇರಬೇಕೆಂದು ಒಂದು ಕ್ಷಣ ಅಂಜಿದೆ. ನಾನೇ ನಗುತ್ತಿದ್ದೆ. ನಕ್ಕು ಎಷ್ಟು ದಿನವಾಗಿತ್ತೆಂದರೆ ಹೊಟ್ಟೆಯ ಎಡಗಡೆ ನೋವು ಬಂತು.

ಹೊರಡುವ ಮುಂಚೆ ಬಾಯಾರು ಹೇಳಿದ್ದು ನನಗೆ ಇನ್ನೂ ನೆನಪಿದೆ. "ಅವ್ರು ಪೂರಾ ಹೋಗ್ತಾರೋ ಇಲ್ಲೋ, ನಾ ಆಣಿ ಮಾಡಿ ಹೇಳಾಂಗಿಲ್ಲ. ಹೋಗಲಿಲ್ಲಂದ್ರೂ ನೀ ನಿನ್ನ ಬಾಳೇವು ಮಾಡಬಹುದು. ಅಷ್ಟು ಮಾತ್ರ ನನಗ ಗೊತ್ತೈತಿ. ಭಾಳ ಮಂದಿ ಮಾಡ್ಯಾರ." ಎಲ್ಲ ನೆಟ್ಟಗಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಇದನ್ನು ನಂಬಿದೆ.

ಹೀಗೆ ಹದಿನೈದು ದಿನಕ್ಕೊಮ್ಮೆ ಹೋಗತೊಡಗಿದೆವು. ಬಾಯಾರು ನನ್ನನ್ನು ಮೊದಲು ಮನೆಯ ಕಟ್ಟೆಯ ತನಕ, ಆಮೇಲೆ ನಳದ ತನಕ, ಆಮೇಲೆ ಓಣಿಯ ತುದಿಯ ಗುಡಿಯ ತನಕ ಕಳಿಸಿದರು. ಒಂದು ಸಲ, "ಮಂದಿ ಎಲ್ಲಾ ನಿನ್ನ ಬಗ್ಗೇನ ಮಾತಾಡ್ತಾರ ಅನ್ನೂದು ರೂಪಾಯಿದಾಗ ಎಷ್ಟಾಣೆ ಖರೆ ಅನಸ್ತೈತಿ?" ಎಂದು ಕೇಳಿದರು.

"ಹದಿನಾರಾಣೆ ರಿ."

"ಬೈಲಹೊಂಗಲದಾಗ ಅಷ್ಟನೋ, ಎಲ್ಲಾ ಕಡೆನೋ?"

"ಎಲ್ಲಾ ಕಡೆ."

"ಹಂಗಾರ ನಿನ್ನ ಗುರುತ ಇಲ್ಲದ ಊರಿಗಿ ಹೋಗಿ ನೋಡೂಣು. ಬಸ್ ಸ್ಟ್ಯಾಂಡಿನ್ಯಾಗ ಕೂಡು. ಯಾರರ ನಿನ್ನ ನೋಡಿ ಮಾತಾಡಾಕತ್ತಾರ ಅನಿಸಿದ್ರ, ಹೋಗಿ ಅವರನ್ನ ಕೇಳು."

"ಏನಂತ ಕೇಳಲ್ರಿ?"

"'ನನ್ನ ಬಗ್ಗೆ ಮಾತಾಡಾಕತ್ತೀರೇನ್ರಿ' ಅಂತ. ಮತ್ತೇನ ಕೇಳ್ತಿ?"

ವೈನಿ ಅಷ್ಟರಲ್ಲೇ ಊರು ಆರಿಸಿಬಿಟ್ಟಿದ್ದಳು. ಸವದತ್ತಿ. ಅಲ್ಲಿ ಪಾತ್ರೆ ಬಾಂಡೆ ಚಲೋ ಸಿಗುತ್ತವಂತೆ.

ಹೊರಟ ದಿನ ಅವಳು ನನ್ನ ಕಪಾಟು ತೆಗೆದು ಒಂದು ಜಂಪರು, ಅಂದರೆ ರವಿಕೆ, ಹುಡುಕಿ ಕೊಟ್ಟಳು. ಜಡ್ಡು ಬರುವ ಮುಂಚೆ ನಾನೇ ಹೊಲಿದದ್ದು, ಬಲೂನಿನಂತೆ ಉಬ್ಬಿ ನಿಲ್ಲುವ ಫುಗ್ಗಾ ತೋಳಿನದು. ಆಗ ಅದರ ಹುಚ್ಚು ನನಗೆ ಬಹಳ ಇತ್ತು. ಮೈ ಬಂದಿದ್ದರಿಂದ ಬಗಲಿನ ಹೊಲಿಗೆ ಬಿಚ್ಚಬೇಕಾಯಿತು. ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು ಬಸ್ಸು ಹತ್ತಿದೆವು. ದಾರಿಯಲ್ಲಿ ಆ ಮೂವರು ಒಂದೇ ಸಮನೆ ಓದುತ್ತಿದ್ದರು. "ಸವದತ್ತಿಗೆ ಹೋಗುತ್ತಿದ್ದಾಳೆ. ಅಲ್ಲಿ ಎಲ್ಲರಿಗೂ ವಿಷಯ ಗೊತ್ತಾಗಿದೆ."

ಸವದತ್ತಿ ಬಸ್ ಸ್ಟ್ಯಾಂಡಿನಲ್ಲಿ ದೇವಿಯ ಗುಡ್ಡಕ್ಕೆ ಹೋಗಿಬಂದವರ ಮೈಮೇಲಿನ ಭಂಡಾರದ ಅರಿಶಿನದ ವಾಸನೆ. ವೈನಿ ಚುರಮರಿ ಕಟ್ಟಿಸಿಕೊಂಡು ಬಂದಳು. ನಾನು ಕಲ್ಲುಬೆಂಚಿನ ಮೇಲೆ ಸೆರಗು ಬಿಗಿದುಕೊಂಡು ಕುಳಿತೆ. ಸ್ವಲ್ಪ ಹೊತ್ತಿಗೆ ಎದುರಿನ ಬೆಂಚಿನ ಇಬ್ಬರು ಹೆಂಗಸರು ನನ್ನನ್ನು ನೋಡಿದರು. ಒಬ್ಬಾಕೆ ಇನ್ನೊಬ್ಬಾಕೆಯ ಕಿವಿಯಲ್ಲಿ ಏನೋ ಅಂದಳು. ಆಕೆ ತಲೆ ಅಲ್ಲಾಡಿಸಿದಳು. ಮತ್ತೆ ಇಬ್ಬರೂ ನೋಡಿದರು.

"ವೈನಿ, ಮನಿಗಿ ಹೋಗೂಣು ನಡೀರಿ."

"ಯಾಕ?"

"ಅಲ್ಲಿ ನೋಡ್ರಿ."

ವೈನಿ ನೋಡಿದಳು. ಅವಳ ಬಾಯಿ ಚುರಮರಿ ಅಗಿಯುವುದನ್ನು ನಿಲ್ಲಿಸಿತು. ಅವರು ನಿಜವಾಗಿಯೂ ನಮ್ಮನ್ನೇ ನೋಡುತ್ತಿದ್ದರು. ಆದರೂ ನನ್ನ ಪಕ್ಕೆಗೆ ಮೊಣಕೈ ತಿವಿದು, "ಹೋಗಿ ಕೇಳು. ನಾನ ಕೇಳ್ತಿದ್ದೆ, ಬಾಯಾರು ನೀನ ಕೇಳಬೇಕಂದಾರ" ಅಂದಳು.

ಆ ಬೆಂಚಿನಿಂದ ಈ ಬೆಂಚಿಗೆ ಎಂಟು ಮಾರು ಕೂಡ ಇರಲಿಲ್ಲ. ದಾಟಿ ಹೋಗಿ ಅವರ ಮುಂದೆ ನಿಂತೆ. "ಯಕ್ಕಾ, ನೀವು ನನ್ನ ಬಗ್ಗೆ ಏನರ ಮಾತಾಡಾಕತ್ತೀರೇನ್ರಿ?"

ದೊಡ್ಡಾಕೆ ನಾಚಿ ಸೆರಗಿನ ತುದಿ ಹಿಡಿದಳು. "ತಪ್ಪ ತಿಳೀಬ್ಯಾಡವಾ. ಹೌದು, ನಿನ್ನ ಬಗ್ಗೇನ ಮಾತಾಡಾಕತ್ತಿದ್ವಿ."

ತಲೆಯೊಳಗೆ ಮೂವರೂ ಒಟ್ಟಿಗೆ ಕೂಗಿದರು. "ನಾವು ಮೊದಲೇ ಹೇಳಿರಲಿಲ್ಲವೇ!"

"ನಿನ್ನ ಜಂಪರದ ತೋಳು ನೋಡಿದ್ವಿ" ಎಂದು ಆಕೆ ಮುಂದುವರಿಸಿದಳು. "ನಮ್ಮ ತಂಗಿ ಅಂತಾಳ, ಒಳಗ ಹತ್ತಿ ತುರುಕ್ಯಾರ ಅಂತ. ನಾ ಅಂತೇನಿ, ಇಲ್ಲ, ನಿರಿಗಿ ಹಿಡದಾರ ಅಂತ. ಯಾವ್ದು ಖರೆ?"

"ನಿರಿಗಿ ರಿ" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ನೋಡಿದ್ಯಾ!" ಎಂದು ದೊಡ್ಡಾಕೆ ತಂಗಿಯ ತೊಡೆಗೆ ಹೊಡೆದಳು. ತಂಗಿ ಒಪ್ಪಲಿಲ್ಲ. ಎದ್ದು ಬಂದು ನನ್ನ ತೋಳು ಹಿಚುಕಿ ನೋಡಿದಳು. ಗಾಳಿ ಹೋಗಿ ತೋಳು ಚಪ್ಪಟೆಯಾಯಿತು. ಬಿಟ್ಟ ಕೂಡಲೇ ಮತ್ತೆ ಉಬ್ಬಿತು. "ಅಯ್ಯಯ್ಯ!" ಎಂದು ಆಕೆ ಇನ್ನೊಂದು ತೋಳನ್ನೂ ಹಿಚುಕಿದಳು. ಅಷ್ಟರಲ್ಲಿ ವೈನಿ ಚುರಮರಿ ಸಮೇತ ಬಂದು ನಡುವೆ ನಿಂತು, "ಆಕೀನ ಹೊಲದಾಳ್ರೀ, ಬ್ಯಾರೆ ಯಾರೂ ಅಲ್ಲ" ಎಂದು ಸಾರಿದಳು.

ಅವರು ರಾಮದುರ್ಗ ತಾಲೂಕಿನ ಕಟಕೋಳದವರು. ದೊಡ್ಡಾಕೆಯ ಮಗಳ ಲಗ್ನ ಗೊತ್ತಾಗಿತ್ತು. ಮದುಮಗಳಿಗೆ, ಅವಳ ಗೆಳತಿಯರಿಗೆ, ತಮಗೆ, ಎಲ್ಲರಿಗೂ ಇಂಥ ತೋಳು ಬೇಕಂತೆ. "ಹೊಲದ ಕೊಡ್ತೀಯೇನವಾ?"

"ಕೊಡ್ತೇನ್ರಿ" ಅಂದೆ. ಚಾದರ ಹೊದ್ದು ಕುಳಿತ ಮಷಿನ್ನು ಆಮೇಲೆ ನೆನಪಾಯಿತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ವೈನಿ ನನ್ನ ಕಿವಿಯಲ್ಲಿ, "ಹತ್ತಿ ತುರುಕ್ಯಾರಂತ" ಅಂದಳು. ಅಷ್ಟೇ ಸಾಕಾಯಿತು. ಇಬ್ಬರೂ ನಗತೊಡಗಿದೆವು. ನಿಲ್ಲಿಸಬೇಕೆಂದಷ್ಟೂ ನಗು ಹೆಚ್ಚಾಯಿತು. ಕಂಡಕ್ಟರ್ ಬಂದು, "ಏನಾಗೇತ್ರೀ ಅಕ್ಕೋರ, ಟಿಕೇಟ ತಗೊಂಡು ನಗ್ರಿ" ಎಂದರೆ, ವೈನಿ "ಎರಡು ಹತ್ತಿ ಕೊಡ್ರಿ" ಅಂದುಬಿಟ್ಟಳು. ಮುಂದಿನ ಸೀಟಿನ ಅಜ್ಜಿಯೂ ಏನೆಂದು ಗೊತ್ತಿಲ್ಲದೆ ನಕ್ಕಳು. ಮನೆ ಮುಟ್ಟುವವರೆಗೂ ಆ ಮೂವರು ಏನು ಓದಿದರೋ ನನಗೆ ಕೇಳಿಸಲೇ ಇಲ್ಲ.

ಬಾಯಾರು ಎಲ್ಲ ಕೇಳಿ, "ನಾ ಅಂದಕೊಂಡಿದ್ದ ಬ್ಯಾರೆ. ಅವ್ರು ಮಳಿ ಬೆಳಿ ಮಾತಾಡಾಕತ್ತಾರ ಅಂತ ಹೇಳ್ತಾರ, ನಿನಗ ಸಮಾಧಾನ ಆಗತೈತಿ ಅಂತ ಮಾಡಿದ್ದೆ" ಎಂದು ಒಪ್ಪಿಕೊಂಡರು. "ಈಗ ಎಷ್ಟಾಣೆ?"

"ಮಾತಾಡ್ತಾರನ್ನೂದು ಹದಿನಾರಾಣೆ ಖರೇನ ಆತಲ್ರಿ" ಅಂದೆ. "ಕೆಟ್ಟದ್ದ ಮಾತಾಡ್ತಾರ ಅನ್ನೂದು ಹತ್ತಾಣೆಕ್ಕ ಬಂದೈತಿ."

ಪೇಟೆಗೆ ಬಂದ ಕಟಕೋಳದ ಆ ದೊಡ್ಡಾಕೆಯ ಯಜಮಾನರು ಚೀಲದ ತುಂಬ ಬಟ್ಟೆ, ಅಳತೆಯ ಹಳೆಯ ಜಂಪರುಗಳನ್ನು ತಂದು ಕೊಟ್ಟು ಹೋದರು. ನಾನು ಮಷಿನ್ನಿಗೆ ಎಣ್ಣೆ ಬಿಟ್ಟೆ. ಖುಷಿಯ ಭರದಲ್ಲಿ ನಿದ್ದೆ ಕಡಿಮೆಯಾಯಿತು, ಊಟದ ಹೊತ್ತು ತಪ್ಪಿತು. ಹಿಂದಿನ ಓಣಿಗೆ ಹೋದವರು ಮತ್ತೆ ಕಿವಿಯೊಳಗೆ ಬಂದರು. "ಕಟಕೋಳದ ಹೆಂಗಸರು ನಗುತ್ತಿದ್ದಾರೆ. ಇದು ನಿನ್ನನ್ನು ಕರೆಸಲು ಹೂಡಿದ ಆಟ. ಬಟ್ಟೆಯನ್ನು ಸುಡು." ಒಂದು ಮುಂಜಾನೆ ವೈನಿ ಚಾ ತಂದಾಗ ಕಿಟಕಿಗೆ ಮತ್ತೆ ಪೇಪರು ಹತ್ತಿತ್ತು. ಅವಳು ಅದನ್ನು ಹರಿಯಲಿಲ್ಲ, ಬೈಯಲೂ ಇಲ್ಲ. ಚಾದ ಕಪ್ಪು ಬಸಿ ಕೆಳಗಿಟ್ಟು ಕಿಟಕಿಯ ಮುಂದೆ ನಿಂತು ಪೇಪರು ಓದಿದಳು. "ಇದು ಹ್ವಾದ ತಿಂಗಳದ್ದೈತಿ. ನಡಿ, ಧಾರವಾಡಕ್ಕ ಹೋಗಿ ಹೊಸಾ ಪೇಪರ ತರೂಣು." ಆಗ ಅವಳ ಕಣ್ಣು ತುಂಬಿದ್ದನ್ನು ನೋಡಿದೆ. ಅವಳ ಜೊತೆ ಹೊರಟದ್ದು ಅದಕ್ಕಾಗಿಯೇ.

ಡಾಕ್ಟರು ಗುಳಿಗೆ ಸ್ವಲ್ಪ ಬದಲಿಸಿದರು. ಬಾಯಾರು, "ಬಿದ್ದಿಲ್ಲ ನೀ, ಎಡವಿದಿ. ನಿದ್ದಿ ಕಡಿಮಿ ಆದ್ರ ಅವ್ರು ಬರ್ತಾರ ಅನ್ನೂದು ಈಗ ಗೊತ್ತಾತಲ್ಲ, ಇದು ಲಾಭ" ಅಂದರು. ಆಮೇಲೆ ಒಂದು ವಿಚಿತ್ರ ಉಪಾಯ ಹೇಳಿದರು. "ಅವ್ರಿಗಿ ಒಂದು ವ್ಯಾಳೆ ಕೊಡು. ಸಂಜಿ ನಾಕು ಗಂಟೇಕ ಕುಂತು ಕೇಳು, ಉತ್ತರಾ ಕೊಡು. ಮತ್ತ್ಯಾವಾಗರ ಬಂದ್ರ, 'ಈಗಲ್ಲ, ನಾಕು ಗಂಟೇಕ ಬರ್ರಿ' ಅಂತ ಹೇಳು. ನೀ ಕೆಲಸದಾಕಿ. ಕೆಲಸದವ್ರ ಮನಿಗಿ ಬರೋ ಮಂದಿ ವ್ಯಾಳೆ ನೋಡಿ ಬರಬೇಕು."

ಮರುದಿನ ನಾಲ್ಕಕ್ಕೆ ನಾನು ಹಿತ್ತಲ ಬಾಗಿಲಲ್ಲಿ ಚಾಪೆ ಹಾಸಿ ಕುಳಿತೆ. ವೈನಿ ಅಡಿಗೆಮನೆಯಿಂದ ಕೂಗಿದಳು. "ಎಷ್ಟ ಮಂದಿಗಿ ಚಾ ಇಡ್ಲಿ? ಅವ್ರು ಬೆಂಗಳೂರ ಮಂದಿ, ಕಾಫಿ ಕುಡೀತಾರೇನ ಕೇಳು!"

ಪಡಸಾಲೆಯಲ್ಲಿದ್ದ ಅವ್ವ ದಡಬಡಿಸಿ ಎದ್ದು ಬಂದಳು. "ಏ, ಈಕಿಗೂ ಹತ್ತೇತೇನ ಜಡ್ಡು?" ವೈನಿ ಬಗ್ಗಿ ಅತ್ತೆಯ ಕಾಲು ಮುಟ್ಟಿ, ನಗುತ್ತಲೇ ಎಲ್ಲ ತಿಳಿಸಿ ಹೇಳಿದಳು. ಅವ್ವ ಅರ್ಥವಾದಷ್ಟು ಕೇಳಿ, ನನ್ನ ಪಕ್ಕದಲ್ಲೇ ಚಾಪೆಯ ಮೇಲೆ ಕುಳಿತಳು. "ಬಂದಾರೇನ?" ಎಂದು ಪಿಸುಗುಟ್ಟಿದಳು.

"ಇನ್ನ ಇಲ್ಲವ್ವಾ."

ಮೂವರೂ ಕಾದೆವು. ಚಾ ಆರಿತು. ಅವರು ಬರಲಿಲ್ಲ. ಇಡೀ ದಿನ ಕಾಡಿದವರು ಕರೆದಾಗ ಬರಲಿಲ್ಲ. "ಮರ್ಯಾದಿ ಇಲ್ಲದ ಮಂದಿ" ಎಂದು ಅವ್ವ ಸಿಟ್ಟಿನಿಂದ ಎದ್ದು ಹೋದಳು.

ಬರುವ ದಿನಗಳೂ ಇದ್ದವು. ಆಗ ಬಾಯಾರು ಕಲಿಸಿದಂತೆ ಅವರೊಡನೆ ವಾದ ಮಾಡುತ್ತಿದ್ದೆ. "ಬರುವುದಿಲ್ಲ ಅಂತೀರಿ. ಯಾವ್ದು ಬರೂದಿಲ್ಲ? ಈ ಗುಂಡಿ ಕಾಜು ನೋಡ್ರಿ, ಎಲ್ಲಿ ತಪ್ಪೈತಿ ಹೇಳ್ರಿ." ಅವರು ಅದೇ ಮಾತನ್ನು ಮತ್ತೆ ಓದುತ್ತಿದ್ದರು. ಧಾರವಾಡದ ಖೋಲಿಯಲ್ಲಿ ಬಾಯಾರು ಆ ಮಾತಿನ ಎಳೆ ಹಿಡಿದು ಹಿಂದೆ ಹಿಂದೆ ಹೋದಾಗ ನನಗೆ ಒಂದು ಹೊಳೆಯಿತು. ಕಾಲೇಜಿನ ಪರೀಕ್ಷೆ ನಪಾಸಾಗಿ ಮನೆಯಲ್ಲಿ ಕುಳಿತ ವರ್ಷ, 'ನನಗ ಏನೂ ಬರೂದಿಲ್ಲ' ಎಂದು ದಿನಾ ಗೋಡೆಗೆ ಮುಖ ಮಾಡಿ ಅಂದುಕೊಳ್ಳುತ್ತಿದ್ದವಳು ನಾನೇ. ಆ ಹೆಂಗಸು ಅದನ್ನೇ ಶುದ್ಧ ಕನ್ನಡ ಮಾಡಿ ಓದುತ್ತಿದ್ದಳು. ಇದು ತಿಳಿದ ಮೇಲೆ ಅವಳ ಮೇಲೆ ಸಿಟ್ಟು ಕಡಿಮೆಯಾಯಿತು. ಪಾಪ ಅನ್ನಿಸಿತು.

ಜಂಪರುಗಳು ಲಗ್ನದ ಮುಂಚೆ ಮುಗಿದವು. ತಲುಪಿಸಲು ನಾವೇ ಬರಬೇಕು, ಅಕ್ಷತಿಗೂ ನಿಲ್ಲಬೇಕು ಎಂದು ಕಟಕೋಳದಿಂದ ಕರೆ ಬಂತು. ಬಾಯಾರು, "ಹೋಗು" ಅಂದರು. ವೈನಿ ಅವರ ಮಾತು ಮುಗಿಯುವ ಮುಂಚೆಯೇ ರಾಮದುರ್ಗದ ಬಸ್ಸಿನ ವೇಳೆ ಹೇಳಿದಳು.

ಹಂದರದ ಕೆಳಗೆ ಅಷ್ಟೊಂದು ಫುಗ್ಗಾ ತೋಳುಗಳನ್ನು ಒಟ್ಟಿಗೆ ನೋಡಿ ನನ್ನ ತಲೆ ತಿರುಗಿತು. ಹುಡುಗಿಯರು ಒಬ್ಬರ ಪಕ್ಕ ಒಬ್ಬರು ಕೂಡಲಾಗದೆ ಅಡ್ಡಡ್ಡ ಕುಳಿತಿದ್ದರು. ಎಲ್ಲರೂ ನನ್ನ ಕಡೆಗೆ ಬೆರಳು ಮಾಡಿ ಮಾತಾಡುತ್ತಿದ್ದರು. "ಈಕೀನ, ಈಕೀನ ಹೊಲದಾಕಿ." ಅಷ್ಟು ಕಣ್ಣು ಒಟ್ಟಿಗೆ ಬಿದ್ದಾಗ ಆ ಮೂವರೂ ಎದ್ದರು. "ಈಗ ಎಲ್ಲರಿಗೂ ಗೊತ್ತಾಗುತ್ತದೆ. ಹುಚ್ಚಿ ಬಂದಿದ್ದಾಳೆ." ಬ್ಯಾಂಡಿನ ಗದ್ದಲದಲ್ಲಿ ಮನಸ್ಸಿನಲ್ಲಿ ಹೇಳಿದ್ದು ಅವರಿಗೆ ಮುಟ್ಟಲಿಲ್ಲ ಅನ್ನಿಸಿ, ಗಟ್ಟಿಯಾಗಿಯೇ ಅಂದೆ. "ಈಗಲ್ಲ! ನಾಕು ಗಂಟೇಕ ಬರ್ರಿ!"

ಪಕ್ಕದಲ್ಲಿ ಹಳದಿ ರುಮಾಲಿನ ಒಬ್ಬ ಅಜ್ಜ ಕುಳಿತಿದ್ದರು. ಮದುಮಗಳ ಕಡೆಯ ಹಿರಿಯರು. ಕಿವಿಗೆ ಕೈ ಹಚ್ಚಿ, "ಏನಂದಿ? ನಾಕು ಗಂಟೇಕ?" ಅಂದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಎದ್ದು ನಿಂತು, ಕೋಲು ಮೇಲೆತ್ತಿ, "ಅಕ್ಷತಿ ನಾಕು ಗಂಟೇಕಂತ!" ಎಂದು ಕೂಗಿದರು.

ಬ್ಯಾಂಡಿನವರು ತಟ್ಟನೆ ನಿಲ್ಲಿಸಿ ಟೊಪ್ಪಿಗೆ ತೆಗೆದರು. ಅಡಿಗೆಯವರು ಉರಿಯುವ ಕಟ್ಟಿಗೆ ಹಿಂದಕ್ಕೆ ಎಳೆದರು. ಕೈಯಲ್ಲಿ ಅಕ್ಕಿಕಾಳು ಹಿಡಿದವರು ಅದನ್ನು ಏನು ಮಾಡಬೇಕೆಂದು ತಿಳಿಯದೆ ಕಿಸೆಗೆ ಹಾಕಿಕೊಂಡರು. ಬೇವಿನ ಗಿಡದ ಕೆಳಗೆ ಕೆಲವರು ಟವೆಲ್ ಹಾಸಿ ಮಲಗಿಯೂ ಬಿಟ್ಟರು. ಬೀಗರ ಕಡೆಯವರು, "ನಮ್ಮನ್ನ ಕೇಳದ ಮುಹೂರ್ತ ಹೆಂಗ ಬದಲಿ ಮಾಡಿದ್ರಿ?" ಎಂದು ತೋಳೇರಿಸಿದರು. ಬಾಸಿಂಗದ ಹಿಂದಿನಿಂದ ಮದುಮಗ, "ನಾಕರ ತನಕ ಉಪಾಸ ನನ್ನ ಕಡಿಂದ ಆಗೂದಿಲ್ಲ!" ಎಂದು ಅಳುದನಿಯಲ್ಲಿ ಅಂದ.

ವೈನಿ ನನ್ನ ಕೈ ಹಿಡಿದು, "ಸುಮ್ಮನಿರು, ಅಜ್ಜಗ ಕಿವಿ ಕೇಳಾಂಗಿಲ್ಲ ಅಂತ ಹೇಳಿಬಿಡೂಣು" ಅಂದಳು. ಅದು ಸುಲಭವಿತ್ತು. ಆದರೆ ಆ ಅಜ್ಜನನ್ನು ಎಲ್ಲರೂ ಬೈಯುತ್ತಿದ್ದರು. ನಾನು ಮದುಮಗಳ ತಾಯಿಯ ಹತ್ತಿರ ಹೋಗಿ ನಿಂತೆ.

"ಯಕ್ಕಾ, ನಾಕು ಗಂಟೆ ಅಂದಾಕಿ ನಾನ. ಮುಹೂರ್ತಕ್ಕಲ್ಲ. ನನಗ ಒಂದು ಜಡ್ಡು ಐತ್ರಿ. ಯಾರೂ ಇಲ್ಲದಾಗ ಮಾತು ಕೇಳಸ್ತಾವ. ಅವ್ರಿಗಿ ಈಗ ಬರಬ್ಯಾಡ್ರಿ, ನಾಕು ಗಂಟೇಕ ಬರ್ರಿ ಅಂದೆ."

ಸವದತ್ತಿಯಲ್ಲಿ ನನ್ನ ತೋಳು ಹಿಚುಕಿದ ಆ ತಂಗಿ ಮೊದಲು ಬಾಯಿ ಬಿಟ್ಟಳು. "ಹಂಗಾರ ಅವ್ರ ಊಟದ್ದೇನು? ಪಂಗತಿ ಮೂರಕ್ಕ ಮುಗೀತೈತಲ್ಲ!"

ಯಾರೋ ಫಕ್ಕನೆ ನಕ್ಕರು. ಆ ನಗು ಹಂದರದ ಈ ತುದಿಯಿಂದ ಆ ತುದಿಗೆ ಹೋಯಿತು. ಬ್ಯಾಂಡು ಮತ್ತೆ ಶುರುವಾಯಿತು. ಅಕ್ಕಿಕಾಳು ಕಿಸೆಯಿಂದ ಹೊರಬಂದವು. ಅವಸರದಲ್ಲಿ ಅರ್ಧಕ್ಕರ್ಧ ಮಂದಿ ಮಂತ್ರ ಮುಗಿಯುವ ಮುಂಚೆಯೇ ಎಸೆದುಬಿಟ್ಟರು. ಅಜ್ಜ ನನ್ನ ಹತ್ತಿರ ಬಂದು, "ನನಗೂ ಒಮ್ಮೊಮ್ಮಿ ಏನೇನೋ ಕೇಳಸ್ತೈತಿ, ಆದ್ರ ಮಂದಿ ಅಂದದ್ದು ಮಾತ್ರ ಕೇಳಸೂದಿಲ್ಲ" ಎಂದು ದುಃಖದಿಂದ ಹೇಳಿದರು. ನಾನು ಅಕ್ಕಿಕಾಳು ಎಸೆಯುತ್ತ ನಕ್ಕೆ, ನಗುತ್ತ ಅತ್ತೆ. ಯಾವುದು ಯಾವಾಗ ಎಂಬುದು ನನಗೇ ತಿಳಿಯಲಿಲ್ಲ.

ಊಟವಾದ ಮೇಲೆ ಮದುಮಗಳ ತಾಯಿ ನನ್ನನ್ನು ಮನೆಯ ಹಿಂಭಾಗಕ್ಕೆ ಕರೆದೊಯ್ದಳು. ದನದ ಕೊಟ್ಟಿಗೆಗೆ ಹತ್ತಿದ ಒಂದು ಖೋಲಿ. ಒಳಗೆ ಅವಳ ಮೈದುನ. ಮೂವತ್ತು ದಾಟಿರಬಹುದು. ಹೊಸ ಅಂಗಿ ಹಾಕಿಸಿದ್ದರು, ಆದರೆ ಹಂದರಕ್ಕೆ ಬಂದಿರಲಿಲ್ಲ. "ಏಳೆಂಟು ವರ್ಷಾತು, ಹಿಂಗ ಕುಂತಾನ" ಎಂದು ಅವಳು ಬಾಗಿಲಲ್ಲೇ ನಿಂತಳು.

ನಾನು ಹೊಸ್ತಿಲ ಮೇಲೆ ಕುಳಿತೆ. "ನನಗೂ ಕೇಳಸ್ತಾರ್ರಿ" ಅಂದೆ.

ಅವನು ನೆಲ ನೋಡುತ್ತಲೇ, "ಎಷ್ಟ ಮಂದಿ?" ಅಂದ.

"ಮೂರು."

"ನನಗ ಒಬ್ಬಾವ." "ನಿಮ್ಮವ್ರು ಬೈತಾರೇನ್ರಿ?"

"ಬೈತಾರ. ಶುದ್ಧ ಕನ್ನಡದಾಗ."

ಅವನ ತುಟಿ ಸ್ವಲ್ಪ ಅಲ್ಲಾಡಿತು. "ನಮ್ಮಾವ ಹಳ್ಳೀ ಮಾತಿನ್ಯಾಗ ಬೈತಾನ. ಕೇಳಾಕಾಗೂದಿಲ್ಲ."

ಬಾಗಿಲಲ್ಲಿದ್ದ ಅವನ ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಷ್ಟು ಮಾತು ಅವನ ಬಾಯಿಂದ ಬಂದು ವರ್ಷಗಳೇ ಆಗಿದ್ದವಂತೆ. "ಗುಳಿಗಿ ತಗೊಂಡ್ರ ಹೋಗ್ತಾರೇನು?" ಎಂದು ಅವನೇ ಕೇಳಿದ.

"ಸಣ್ಣ ಆಗ್ತಾರ. ಉಳದದ್ದಕ್ಕ ಒಬ್ಬರು ಬಾಯಾರು ಅದಾರ. ನಾ ಕರಕೊಂಡು ಹೋಗ್ತೇನಿ, ಬರ್ತೀರೇನು?"

ಮುಂದಿನ ತಿಂಗಳು ಅವನ ಅಣ್ಣ ಅವನನ್ನು ಧಾರವಾಡಕ್ಕೆ ಕರೆತಂದ. ನನ್ನಷ್ಟು ಬೇಗ ಅವನಿಗೆ ಹಗುರಾಗಲಿಲ್ಲ. ಎರಡು ಸಲ ಬಿಟ್ಟು ಹೋದ, ಮತ್ತೆ ಬಂದ. ಗದ್ದಲವೆಂದರೆ ಇವತ್ತಿಗೂ ಆಗದು. ಆದರೆ ಹೊಲಕ್ಕೆ ಹೋಗುತ್ತಾನೆ. ಎಮ್ಮೆಗಳ ಹಾಲು ಕರೆಯುತ್ತಾನೆ. ಒಂದು ವರ್ಷ ತಾನೊಬ್ಬನೇ ಬಸ್ಸು ಹತ್ತಿ ಬಂದು ಪ್ಯಾಂಟಿನ ಬಟ್ಟೆ ನನ್ನ ಮುಂದಿಟ್ಟ. "ನಾ ಗಂಡಸರದು ಹೊಲಿಯೂದಿಲ್ರಿ" ಅಂದರೆ, "ಕಲೀರಿ" ಅಂದ. ಕಲಿತೆ. ಒಂದು ಕಾಲು ಸ್ವಲ್ಪ ಗಿಡ್ಡವಾಯಿತು, ಅವನು ಅದನ್ನೇ ಹಾಕಿಕೊಂಡು ಹೋದ.

ಬಾಯಾರಿಗೆ ಯಜಮಾನರ ಜೊತೆ ಬೇರೆ ಊರಿಗೆ ಹೋಗಬೇಕಾಗಿ ಬಂದಾಗ ಎರಡು ಸಾವಿರದ ಇಸವಿ ದಾಟಿತ್ತು. ಆ ಹೊತ್ತಿಗೆ ನಾನು ಅವರ ಹತ್ತಿರ ಹೋಗುವುದು ಆರು ತಿಂಗಳಿಗೊಮ್ಮೆ ಆಗಿತ್ತು, ಗುಳಿಗೆ ಒಂದಕ್ಕೆ ಇಳಿದಿತ್ತು. ಕಡೆಯ ದಿನ ನಾನು ಅಳಬಾರದೆಂದು ಹಲ್ಲು ಕಚ್ಚಿ ಕುಳಿತಿದ್ದೆ. ವೈನಿ ಮಾತ್ರ ಹೋ ಎಂದು ಅತ್ತಳು. ಬಾಯಾರು ಅವಳಿಗೆ ನೀರು ಕುಡಿಸಿ ಬೆನ್ನು ಸವರಿ, "ಜಡ್ಡು ಯಾರಿಗಿ ಬಂದಿತ್ತವಾ?" ಎಂದು ಕೇಳಬೇಕಾಯಿತು. ನನ್ನ ಮುಂದಿನ ಬಾಳಿನ ಬಗ್ಗೆ ಕೇಳಿದಾಗ, "ಅಂಗಡಿ ಹಾಕಬೇಕಂತ ಐತ್ರಿ" ಅಂದೆ. ಅದನ್ನು ನಾನು ಆ ಕ್ಷಣದವರೆಗೆ ಯಾರಿಗೂ ಹೇಳಿರಲಿಲ್ಲ. ವೈನಿ ಅಳುವುದನ್ನು ನಿಲ್ಲಿಸಿ, "ಎಲ್ಲಿ?" ಅಂದಳು.

ಅಂಗಡಿ ಆದದ್ದು ಕಿತ್ತೂರಿನಲ್ಲಿ. ವೈನಿಯ ತವರುಮನೆಯ ರಸ್ತೆಗೆ ಹತ್ತಿದ ಖೋಲಿ ಖಾಲಿ ಇತ್ತು. ಹೊಲಿಗೆ ನನ್ನದು, ಗಿರಾಕಿಗಳ ಜೊತೆ ಮಾತು ವೈನಿಯದು. ಅಣ್ಣ ಮೊದಲು ಗೊಣಗಿದ. ಆಮೇಲೆ, ದಿನಾ ಬಸ್ಸಿಗೆ ಕಾಯುವುದು ಬೇಡವೆಂದು ಒಂದು ಹಳೆಯ ಮೊಪೆಡ್ಡು ತಂದುಕೊಟ್ಟ. ಆ ಮೂವರು ಈಗಲೂ ಒಮ್ಮೊಮ್ಮೆ ಬರುತ್ತಾರೆ. ಜ್ವರ ಬಂದಾಗ, ನಿದ್ದೆಗೆಟ್ಟಾಗ. ಹಿಂದಿನ ಓಣಿಯವರು ಅವರು, ಬರುತ್ತಾರೆ, ಹೋಗುತ್ತಾರೆ.

ಮೊಪೆಡ್ಡು ಕಲಿಯಲು ಒಂದು ರವಿವಾರ ಕೋಟೆಯ ಬಯಲಿಗೆ ಹೋದೆವು. ನಾನು ಮುಂದೆ, ವೈನಿ ಹಿಂದೆ. ಅಣ್ಣ ಹಿಡಿದುಕೊಂಡು ಓಡಿಬರುತ್ತಿದ್ದವನು ಯಾವಾಗ ಬಿಟ್ಟನೋ ಗೊತ್ತಿಲ್ಲ. ಆಕ್ಸಿಲರೇಟರ್ ತಿರುವುವುದು ಬಂತು, ನಿಲ್ಲಿಸುವುದು ಮರೆತುಹೋಯಿತು. ಗಾಳಿಗೆ ಸೆರಗು ಹಾರಿ ವೈನಿಯ ಮುಖಕ್ಕೆ ಸುತ್ತಿಕೊಂಡಿತು. ಅವಳು ಒಳಗಿನಿಂದಲೇ, "ಸರೀರಿ! ಸರೀರಿ! ಕುರಿ ಸರಸ್ರಿ!" ಎಂದು ಕೂಗುತ್ತಿದ್ದಳು. ಅಲ್ಲಿ ಕುರಿ ಇರಲಿಲ್ಲ, ಕ್ರಿಕೆಟ್ ಆಡುವ ಹುಡುಗರಿದ್ದರು. ಅವರ ನಡುವೆ ಹಾದು, ಸ್ಟಂಪು ಬೀಳಿಸಿ, ಬಯಲನ್ನು ಸುತ್ತಿದೆವು. ಮತ್ತೆ ಸುತ್ತಿದೆವು. "ಬ್ರೇಕ, ಬ್ರೇಕ" ಎಂದು ಅಣ್ಣ ದೂರದಿಂದ ಕೈ ಬೀಸುತ್ತಿದ್ದ. ನನಗೆ ಬ್ರೇಕು ಬೇಕಾಗಿರಲಿಲ್ಲ. ಹೊಟ್ಟೆಯೊಳಗಿಂದ ನಗು ಉಕ್ಕಿ ಬಂದು ಕಣ್ಣು ಮಂಜಾಗಿ ದಾರಿ ಕಾಣದಾಯಿತು. ಕಡೆಗೆ ಪೆಟ್ರೋಲ್ ತೀರಿ ಮೊಪೆಡ್ಡು ತಾನಾಗಿಯೇ ಕೆಮ್ಮುತ್ತ ನಿಂತಿತು. ವೈನಿ ಮುಖದ ಮೇಲಿನ ಸೆರಗು ಬಿಡಿಸಿಕೊಂಡು, ಕೂದಲು ಸರಿಮಾಡಿಕೊಂಡು, ಏದುಸಿರು ಬಿಡುತ್ತ ಓಡಿಬಂದ ಅಣ್ಣನಿಗೆ ಹೇಳಿದಳು.

"ಪೆಟ್ರೋಲ ಹಾಕಸಕೊಂಡ ಬರ್ರಿ. ಈಗ ನಾ ಮುಂದ ಕೂಡ್ತೇನಿ."